ಅನಿಲದ ಆಣೆವಾರಿ ಬರೆದವರು ಯಾರು?

ಈ ಸಲ ‘ಮಣ್ಣಿನ ಮಾತು’ ಅಂಕಣಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದವು. ಗದ್ದೆ, ಹೊಲ, ಕೊಟ್ಟಿಗೆಯಿಂದ ಎಷ್ಟು ಹಸಿರುಮನೆ ಅನಿಲ ಹೊರಬೀಳುತ್ತದೆ ಎಂದು ಲೆಕ್ಕ ಹಾಕಿಕೊಡುವ ತಂತ್ರಾಂಶಗಳು ಈಗ ಹಳ್ಳಿಯವರೆಗೂ ಬಂದಿವೆ. ‘ಅವು ಹೇಳುವುದು ನಿಜವೇ’ ಎಂದು ಕೇಳಿದವರು ಕೆಲವರು. ‘ಅವುಗಳ ಹಿಂದೆ ಇರುವವರು ಯಾರು’ ಎಂದು ಕೇಳಿದವರು ಹಲವರು. ನನಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಇಷ್ಟ. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಮುಕ್ಕಾಲು ಉತ್ತರ ಸಿಕ್ಕಂತೆ.

ತುಂಗಭದ್ರಾ ಎಡದಂಡೆ ಕಾಲುವೆ ನೀರಿನಲ್ಲಿ ನಾಲ್ಕು ಎಕರೆ ಭತ್ತ ಮಾಡುತ್ತೇನೆ. ಹೋದ ತಿಂಗಳು ಒಬ್ಬ ಹುಡುಗ ಟ್ಯಾಬ್ ಹಿಡಿದುಕೊಂಡು ಬಂದ. ನಾಟಿ ಯಾವಾಗ, ಕೊಯ್ಲು ಯಾವಾಗ, ಎಷ್ಟು ಯೂರಿಯಾ ಎಂದೆಲ್ಲ ಕೇಳಿ, ಹತ್ತು ನಿಮಿಷದಲ್ಲಿ ‘ನಿಮ್ಮ ಎಕರೆಗೆ 63 ಕೆ.ಜಿ. ಮೀಥೇನ್’ ಅಂದ. ಗದ್ದೆಗೆ ಇಳಿಯಲೇ ಇಲ್ಲ. ಬದುವಿನ ಮೇಲೆ ನಿಂತು ಹೇಳೋಕೆ ಅವನೇನು ಶಾನುಭೋಗನೇ?
— ರೈತರು, ಸಿಂಧನೂರು

ನೀವು ತಮಾಷೆಗೆ ಕೇಳಿದ್ದೀರಿ. ಆದರೆ ಅವನು ಮಾಡಿದ್ದು ಶಾನುಭೋಗರ ಕೆಲಸವೇ. ಹಿಂದೆ ಬೆಳೆ ಹೇಗಿದೆ ಎಂದು ನೋಡಲು ಬಂದವರು ಬದುವಿನ ಮೇಲೆ ನಿಂತು ‘ಎಂಟಾಣೆ ಬೆಳೆ’, ‘ಆರಾಣೆ ಬೆಳೆ’ ಎಂದು ಕಡತದಲ್ಲಿ ಬರೆಯುತ್ತಿದ್ದರಲ್ಲ, ಆ ಆಣೆವಾರಿಯ ಮೊಮ್ಮಗು ಇದು. ಹುಡುಗ ನಿಮ್ಮ ಗದ್ದೆಯ ಅನಿಲ ಅಳೆಯಲಿಲ್ಲ. ಎಂದೋ, ಎಲ್ಲೋ, ಯಾರೋ ಅಳೆದದ್ದರ ಸರಾಸರಿಯನ್ನು ನಿಮ್ಮ ಎಕರೆಗೆ ಹೊಂದಿಸಿದ.

ಆ ‘ಯಾರೋ’ ಯಾರು? 63 ಎಂಬ ಅಂಕಿ ಕಂಡ ಕೂಡಲೇ ಅದರ ಊರು ನನಗೆ ಗೊತ್ತಾಯಿತು. ಸದಾ ನೀರು ನಿಲ್ಲಿಸಿದ ಗದ್ದೆಯ ಒಂದು ಹೆಕ್ಟೇರಿನಿಂದ ದಿನಕ್ಕೆ 1.30 ಕೆ.ಜಿ. ಮೀಥೇನ್ ಬರುತ್ತದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2006ರ ಮಾರ್ಗಸೂಚಿಯಲ್ಲಿ ಕೊಟ್ಟ ಗುಣಾಂಕ. 120 ದಿನದ ಬೆಳೆಗೆ 156 ಕೆ.ಜಿ. ಹೆಕ್ಟೇರಿಗೆ 2.47 ಎಕರೆ. ಭಾಗಿಸಿದರೆ 63.

ಆ 1.30 ಆಕಾಶದಿಂದ ಉದುರಿದ್ದಲ್ಲ. ಷಿಯಾವೊಯುವಾನ್ ಯಾನ್, ಕಜುಯುಕಿ ಯಾಗಿ, ಹಿರೋಕೊ ಅಕಿಯಾಮಾ, ಹಾಜಿಮೆ ಅಕಿಮೊಟೊ ಎಂಬ ನಾಲ್ವರು ವಿಜ್ಞಾನಿಗಳು 2005ರಲ್ಲಿ ಪ್ರಕಟಿಸಿದ ಲೆಕ್ಕದ ಫಲ ಅದು. ಏಷ್ಯಾದ ನೂರಕ್ಕೂ ಹೆಚ್ಚು ತಾಣಗಳ ಗದ್ದೆಗಳಲ್ಲಿ ಬೇರೆಬೇರೆಯವರು ಮಾಡಿದ ಸಾವಿರಕ್ಕೂ ಹೆಚ್ಚು ಹಂಗಾಮಿ ಅಳತೆಗಳನ್ನು ಒಂದೆಡೆ ಗುಡ್ಡೆ ಹಾಕಿ ಜರಡಿ ಹಿಡಿದರು. ನೀರು ಹೇಗೆ ಕಟ್ಟಿದ್ದರು, ಹುಲ್ಲು-ಗೊಬ್ಬರ ಮಣ್ಣಿಗೆ ಸೇರಿಸಿದ್ದರೇ, ಮಣ್ಣಿನ ಹುಳಿ ಎಷ್ಟು, ನಾಟಿಗೆ ಮುಂಚೆ ಗದ್ದೆ ಒಣಗಿತ್ತೇ ಎಂಬುದೆಲ್ಲದರ ಪರಿಣಾಮವನ್ನು ಬಿಡಿಸಿ ಕೊಟ್ಟರು.

ಈಗ ಕೆಲಸಕ್ಕೆ ಬರುವ ಮಾತು. 2019ರಲ್ಲಿ ಐಪಿಸಿಸಿ ಆ ಗುಣಾಂಕವನ್ನು ಪರಿಷ್ಕರಿಸಿ ಪ್ರದೇಶವಾರು ಕೊಟ್ಟಿತು. ದಕ್ಷಿಣ ಏಷ್ಯಾಕ್ಕೆ 0.85. ಅದನ್ನು ಹಾಕಿದರೆ ನಿಮ್ಮ ಎಕರೆಗೆ 41 ಕೆ.ಜಿ. ಕಾಲುವೆಯ ಸರದಿಯಿಂದಲೋ ನೀವೇ ಬೇಕೆಂದು ಮಾಡಿಯೋ ಗದ್ದೆ ನಡುವೆ ಹಲವು ಸಲ ಆರಿದ್ದರೆ ಅದನ್ನು 0.55ರಿಂದ ಗುಣಿಸಬೇಕು, 23ಕ್ಕೆ ಇಳಿಯುತ್ತದೆ. ಹಿಂದಿನ ಬೆಳೆಯ ಹುಲ್ಲನ್ನು ನಾಟಿಗೆ ಸ್ವಲ್ಪ ಮುಂಚೆ ಉತ್ತು ಸೇರಿಸಿದ್ದರೆ ಮತ್ತೆ ಏರುತ್ತದೆ. ಹುಡುಗ ಇನ್ನೊಮ್ಮೆ ಬಂದಾಗ ‘ಯಾವ ವರ್ಷದ ಗುಣಾಂಕ? ನೀರು ಆರಿಸಿದ ದಿನ ಎಣಿಸಿದೆಯಾ?’ ಎಂದು ಎರಡೇ ಪ್ರಶ್ನೆ ಕೇಳಿ. ಅವನಿಗೆ ಗೊತ್ತಿಲ್ಲದಿದ್ದರೆ ಅವನ ಮೇಲೆ ರೇಗಬೇಡಿ. ಅವನಿಗೂ ಯಾರೂ ಹೇಳಿರುವುದಿಲ್ಲ.

ಒಂದು ಚೀಲ ಯೂರಿಯಾಕ್ಕೆ ಒಂದು ಆ್ಯಪ್ 44 ಕೆ.ಜಿ. ಅನ್ನುತ್ತದೆ, ಇನ್ನೊಂದು 89 ಅನ್ನುತ್ತದೆ, ಮಗನ ಕಂಪ್ಯೂಟರಿನಲ್ಲಿ 142 ಬಂತು. ಯಾವುದು ಸುಳ್ಳು?
— ಮೆಕ್ಕೆಜೋಳ ಬೆಳೆಗಾರರು, ಹಾವೇರಿ

ಯಾವುದೂ ಸುಳ್ಳಲ್ಲ, ಮೂರೂ ಅಂದಾಜು. ಕಾಗದ ತೆಗೆದುಕೊಳ್ಳಿ. ಚೀಲಕ್ಕೆ 45 ಕೆ.ಜಿ., ಅದರಲ್ಲಿ ನೂರಕ್ಕೆ 46 ಸಾರಜನಕ, ಅಂದರೆ 20.7 ಕೆ.ಜಿ. ಇದರಲ್ಲಿ ನೂರಕ್ಕೆ ಒಂದು ಪಾಲು ನೈಟ್ರಸ್ ಆಕ್ಸೈಡ್ ರೂಪದಲ್ಲಿ ಹಾರಿಹೋಗುತ್ತದೆ ಎಂದಿತ್ತು 2006ರ ಮಾರ್ಗಸೂಚಿ. ಸಾರಜನಕದ ತೂಕವನ್ನು ಅನಿಲದ ತೂಕಕ್ಕೆ ಬದಲಿಸಲು 44/28ರಿಂದ ಗುಣಿಸಿ. ಸುಮಾರು 325 ಗ್ರಾಂ. ಈ ಅನಿಲ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುತ್ತದೆ. ಗುಣಿಸಿ, 89.

2019ರ ಪರಿಷ್ಕರಣೆಯು ಒಣ ನಾಡಿಗೆ ನೂರಕ್ಕೆ ಅರ್ಧ, ಮಳೆ ನಾಡಿನಲ್ಲಿ ರಾಸಾಯನಿಕ ಗೊಬ್ಬರಕ್ಕೆ ನೂರಕ್ಕೆ 1.6 ಎಂದು ಬೇರ್ಪಡಿಸಿತು. ಅಲ್ಲಿಂದ 44, ಇಲ್ಲಿಂದ 142. ಉಷ್ಣವಲಯದಲ್ಲಿ ಒಣ-ಹಸಿ ವಿಂಗಡಣೆಗೆ ವರ್ಷಕ್ಕೆ 1000 ಮಿ.ಮೀ. ಮಳೆಯ ಗೆರೆ. ನಿಮ್ಮ ಹಾವೇರಿ ಒಣ ಪಕ್ಷ, ತೀರ್ಥಹಳ್ಳಿ ಹಸಿ ಪಕ್ಷ. ಮಗನ ಕಂಪ್ಯೂಟರು ನಿಮ್ಮನ್ನು ಮಲೆನಾಡಿಗೆ ಕಳಿಸಿದೆ, ಅಷ್ಟೇ.

ಇನ್ನೊಂದು ಕಿರಿಕಿರಿಯೂ ಇದೆ. 273 ಎಂಬುದೂ ಸ್ಥಿರವಲ್ಲ. ಐಪಿಸಿಸಿಯ ಒಂದೊಂದು ವರದಿಯಲ್ಲಿ 310, 298, 265 ಎಂದು ಬದಲಾಗುತ್ತ ಬಂದಿದೆ. ಯಾವ ವರದಿಯ ಅಂಕಿ ಹಾಕಬೇಕೆಂದು ತಂತ್ರಾಂಶ ಮಾಡಿದವರು ಆಯ್ದುಕೊಳ್ಳುತ್ತಾರೆ, ಬಳಸುವವರಿಗೆ ಅದು ಕಾಣುವುದಿಲ್ಲ. ಯೂರಿಯಾ ಕರಗುವಾಗ ನೇರವಾಗಿ ಹೊರಬರುವ ಇಂಗಾಲದ ಡೈಆಕ್ಸೈಡ್ ಚೀಲಕ್ಕೆ ಇನ್ನೂ 33 ಕೆ.ಜಿ. ಅದನ್ನು ಕೂಡಿಸಿದೆಯೋ ಇಲ್ಲವೋ ಎಂದೂ ನೋಡಿ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಅಪ್ಪ ಅಡಿಕೆ ತೋಟದವರು. ಈ ಕ್ಷೇತ್ರಕ್ಕೆ ಬರಬೇಕೆಂಬ ಆಸೆ. ಇಂಥ ತಂತ್ರಾಂಶ ಬರೆಯುವವರು ಎಂಥ ಜನ? ಅವರಿಗೆ ಕೃಷಿ ಗೊತ್ತಿರಬೇಕೇ?
— ಓದುಗ, ಜಯನಗರ

ಇಲ್ಲಿಯ ದೊಡ್ಡ ಹೆಸರುಗಳಲ್ಲಿ ತಂತ್ರಾಂಶ ಬರೆಯುವುದನ್ನೇ ವೃತ್ತಿಯಾಗಿ ಆರಂಭಿಸಿದವರು ಕಡಿಮೆ. ಮಣ್ಣು ನೋಡುತ್ತ ನೋಡುತ್ತ, ಲೆಕ್ಕ ಕೈಮೀರಿದಾಗ ಕಂಪ್ಯೂಟರ್ ಹಿಡಿದವರೇ ಹೆಚ್ಚು.

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಿಂದ ಶುರು ಮಾಡೋಣ. ಅಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ 1843ರಿಂದ ಇಂದಿನವರೆಗೂ ಗೋಧಿ ಬಿತ್ತುತ್ತಿದ್ದಾರೆ. ಗೊಬ್ಬರದ ವ್ಯಾಪಾರಿಯೂ ಜಮೀನುದಾರನೂ ಆಗಿದ್ದ ಜಾನ್ ಬೆನೆಟ್ ಲಾಸ್, ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಆರಂಭಿಸಿದ ಪ್ರಯೋಗ. ಒಂದು ಪಟ್ಟೆಗೆ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ರಾಸಾಯನಿಕ, ಒಂದಕ್ಕೆ ಏನೂ ಇಲ್ಲ. ಆ ಕಾಲದಿಂದ ತೆಗೆದ ಮಣ್ಣು, ಕಾಳು, ಹುಲ್ಲಿನ ಮಾದರಿಗಳನ್ನು ಬಾಟಲಿಗಳಲ್ಲಿ ಮುಚ್ಚಿಟ್ಟಿದ್ದಾರೆ. ಈಗ ಸುಮಾರು ಮೂರು ಲಕ್ಷ. ನಮ್ಮಲ್ಲಿ ಉಪ್ಪಿನಕಾಯಿ ಭರಣಿಯನ್ನೂ ಅಷ್ಟು ಜೋಪಾನ ಮಾಡುವವರಿಲ್ಲ!

ಆ ಬಾಟಲಿಗಳನ್ನು ಬಿಚ್ಚಿದವರು ಡೇವಿಡ್ ಜೆಂಕಿನ್‌ಸನ್. ಪರಮಾಣು ಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ವಿಕಿರಣಶೀಲ ಇಂಗಾಲ ಏರಿತ್ತಲ್ಲ, ಅದು ಮಣ್ಣಿಗೆ ಯಾವಾಗ, ಎಷ್ಟು ಸೇರಿತು ಎಂಬುದನ್ನು ಹಳೆಯ ಮಾದರಿ, ಹೊಸ ಮಾದರಿ ಹೋಲಿಸಿ ಓದಬಹುದಿತ್ತು. 1977ರಲ್ಲಿ ಅವರು ರೇನರ್ ಜೊತೆ ಬರೆದ ಪ್ರಬಂಧ ಮಣ್ಣಿನ ಇಂಗಾಲವನ್ನು ಕೆಲವು ಖಾನೆಗಳಾಗಿ ವಿಂಗಡಿಸಿತು. ಬೇಗ ಕೊಳೆಯುವ ಹುಲ್ಲು, ನಿಧಾನ ಕೊಳೆಯುವ ಹುಲ್ಲು, ಸೂಕ್ಷ್ಮಜೀವಿಗಳು, ಹ್ಯೂಮಸ್, ಮತ್ತು ಏನು ಮಾಡಿದರೂ ಕರಗದ ಹಳೆಯ ಇಂಗಾಲ: ಹೀಗೆ ಐದು ಖಾನೆಗಳಾಗಿ ಬೆಳೆದದ್ದೇ ರಾಥ್‌ಸಿ ಎಂಬ ಮಾದರಿ. ಕೆವಿನ್ ಕೋಲ್ಮನ್ ಅದನ್ನು ಜೆಂಕಿನ್‌ಸನ್ ಜೊತೆ ಎಲ್ಲರೂ ಬಳಸಬಹುದಾದ ತಂತ್ರಾಂಶ ಮಾಡಿದರು. ತಿಂಗಳ ಉಷ್ಣಾಂಶ, ಮಳೆ, ಆವಿ, ಮಣ್ಣಿನ ಜೇಡಿ, ಹೊಲಕ್ಕೆ ಬಿದ್ದ ಕಸಕಡ್ಡಿ, ಇಷ್ಟು ಕೊಟ್ಟರೆ ಸಾಕು. ಜೆಂಕಿನ್‌ಸನ್ 2011ರಲ್ಲಿ ತೀರಿಕೊಂಡರು. ಅವರ ಐದು ಖಾನೆಗಳು ಇಂದಿಗೂ ಜಗತ್ತಿನ ಎಷ್ಟೋ ತಂತ್ರಾಂಶಗಳ ಒಳಗೆ ತಿರುಗುತ್ತಿವೆ.

ರಾಥಮ್‌ಸ್ಟೆಡ್‌ನಲ್ಲಿ ಕೆಲಸ ಮಾಡಿದ್ದ ಪೀಟ್ ಸ್ಮಿತ್ ಆಮೇಲೆ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರೂ ಜಾನ್ ಹಿಲಿಯರ್ ಮತ್ತಿತರರೂ ಯೂನಿಲಿವರ್ ಕಂಪನಿ ಹಾಗೂ ಸಸ್ಟೇನಬಲ್ ಫುಡ್ ಲ್ಯಾಬ್ ಜೊತೆ ಸೇರಿ ಮಾಡಿದ್ದೇ ಕೂಲ್ ಫಾರ್ಮ್ ಟೂಲ್. ಅದರ ಮೊದಲ ರೂಪ ಯಾವುದು ಗೊತ್ತೇ? ಎಕ್ಸೆಲ್ ಹಾಳೆ. ನಿಮ್ಮ ಕಚೇರಿಯಲ್ಲಿ ಸಂಬಳದ ಲೆಕ್ಕ ಇಡುತ್ತಾರಲ್ಲ, ಅದೇ ಎಕ್ಸೆಲ್. 2011ರಲ್ಲಿ ಹಿಲಿಯರ್ ತಂಡದ ಪ್ರಬಂಧ ಬಂತು. ಅದನ್ನು ಓದಿದರೆ ತಂತ್ರಾಂಶವೆಂದರೆ ಒಬ್ಬರ ಕೃತಿಯಲ್ಲ, ಕೂಡು ಕುಟುಂಬ ಎಂಬುದು ತಿಳಿಯುತ್ತದೆ. ನೈಟ್ರಸ್ ಆಕ್ಸೈಡಿನ ಸೂತ್ರ ನೆದರ್ಲೆಂಡ್ಸಿನ ಬೌಮನ್, ಬೌಮನ್ಸ್, ಬ್ಯಾಟ್ಯಸ್ ಅವರಿಂದ ಬಂದದ್ದು. ಹೆಸರುಗಳು ಪ್ರಾಸ ಕಟ್ಟಿದಂತಿವೆ, ಆದರೆ ಮೂವರೂ ನಿಜವಾದ ಮನುಷ್ಯರು! ಜಾನುವಾರಿನದು ಐಪಿಸಿಸಿಯಿಂದ. ಹಿಲಿಯರ್ ತಂಡದ ದೊಡ್ಡ ಕೆಲಸ ಇವನ್ನೆಲ್ಲ ಒಬ್ಬ ರೈತ ಉತ್ತರಿಸಬಲ್ಲ ಪ್ರಶ್ನೆಗಳಾಗಿ ಬದಲಿಸಿದ್ದು. ‘ನಿಮ್ಮ ಮಣ್ಣಿನ ಡಿನೈಟ್ರಿಫಿಕೇಶನ್ ದರ ಎಷ್ಟು’ ಎಂದು ಕೇಳಿದರೆ ಯಾವ ರೈತ ಹೇಳಿಯಾನು? ‘ಮಣ್ಣು ಮರಳೋ, ಜೇಡಿಯೋ? ನೀರು ಬಸಿದುಹೋಗುತ್ತದೆಯೇ?’ ಎಂದರೆ ಹೇಳುತ್ತಾನೆ. ಈಗ ಅದು ಆನ್‌ಲೈನ್ ಆಗಿದೆ, ಬೆಳೆಗಾರರಿಗೆ ಉಚಿತ. ಸದಸ್ಯ ಸಂಸ್ಥೆಗಳ ಒಕ್ಕೂಟ ಅದನ್ನು ನಡೆಸುತ್ತದೆ.

ಇವರಿಗಿಂತ ತೀರ ಭಿನ್ನ ಸ್ವಭಾವದವರು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿದ್ದ ಚಾಂಗ್‌ಶೆಂಗ್ ಲೀ. ಚೀನಾದಿಂದ ಹೋದವರು. ಸರಾಸರಿ ಗುಣಾಂಕ ಅವರಿಗೆ ಸಾಲದು. ಮಳೆ ಬಿದ್ದೊಡನೆ ಮಣ್ಣಿನ ರಂಧ್ರಗಳಲ್ಲಿ ಗಾಳಿ ಕಡಿಮೆಯಾಗಿ, ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ನೈಟ್ರೇಟನ್ನು ಉಸಿರಾಡತೊಡಗಿ, ನೈಟ್ರಸ್ ಆಕ್ಸೈಡ್ ಭುಗ್ಗೆಂದು ಏಳುವ ಆ ಗಳಿಗೆಯನ್ನೇ ಹಿಡಿಯಬೇಕೆಂದರು. 1992ರಲ್ಲಿ ಫ್ರಾಲ್ಕಿಂಗ್ ಹೆಸರಿನ ಇಬ್ಬರು ಸಹಲೇಖಕರೊಂದಿಗೆ ಪ್ರಕಟಿಸಿದ ಡಿಎನ್‌ಡಿಸಿ ಮಾದರಿ ಮಳೆಯಿಂದ ಮಳೆಗೆ ಲೆಕ್ಕ ಹಾಕುತ್ತದೆ. ಲೀ ತಮ್ಮ ಕೋಡನ್ನು ಕೇಳಿದವರಿಗೆ ಕೊಟ್ಟರು. ಬ್ರಿಟನ್ನಿನಲ್ಲಿ ಒಂದು ಕವಲು, ನ್ಯೂಜಿಲೆಂಡಿನಲ್ಲಿ ಒಂದು, ಕೆನಡಾದಲ್ಲಿ ಒಂದು, ಜರ್ಮನಿಯಲ್ಲಿ ಇನ್ನೊಂದು. 2014ರಲ್ಲಿ ಆ ಇಪ್ಪತ್ತು ವರ್ಷದ ವಂಶವೃಕ್ಷವನ್ನೇ ಒಂದು ಪ್ರಬಂಧವಾಗಿ ಬರೆಯಬೇಕಾಯಿತು. ಮರುವರ್ಷ ಲೀ ಇಲ್ಲವಾದರು. ದಿಲ್ಲಿಯ ಹಿಮಾಂಶು ಪಾಠಕ್ 2005ರಲ್ಲಿ ಭಾರತದ ಗದ್ದೆಗಳ ಲೆಕ್ಕ ಮಾಡಿದ್ದು ಲೀ ಅವರೊಂದಿಗೆ, ಇದೇ ಮಾದರಿಯನ್ನು ನಮ್ಮ ಅಳತೆಗೆ ಹೊಂದಿಸಿ. ನೀರು ಆರಿಸಿ ಕಟ್ಟಿದರೆ ಮೀಥೇನ್ ಧಡಕ್ಕನೆ ಇಳಿಯುತ್ತದೆ, ನೈಟ್ರಸ್ ಆಕ್ಸೈಡ್ ಮಾತ್ರ ತುಸು ಏರುತ್ತದೆ ಎಂದು ಅದು ತೋರಿಸಿತು. ಸಿಂಧನೂರಿನವರು ಇದನ್ನೂ ಗಮನಿಸಲಿ.

ಬೆಂಗಳೂರಿನಲ್ಲೇ ಹುಡುಕುತ್ತೀರಾದರೆ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್.ಎಚ್. ರವೀಂದ್ರನಾಥ್ ಅವರ ಬರಹ ಓದಿ. ಅರಣ್ಯ, ಭೂಮಿ, ಇಂಗಾಲದ ಲೆಕ್ಕದಲ್ಲಿ ದಶಕಗಳ ದುಡಿಮೆ. ಅಮೆರಿಕದ ಬರ್ಕ್ಲಿಯ ಜಯಂತ್ ಸಾಥೆಯವರ ತಂಡದೊಂದಿಗೆ ಪ್ರೋ-ಕೊಮಾಪ್ ಎಂಬ ಲೆಕ್ಕಾಚಾರ ಸಾಧನದಲ್ಲಿ ಕೈಜೋಡಿಸಿದವರು. ಇಂಗಾಲ ಅಳೆಯುವ ವಿಧಾನಗಳ ಕುರಿತು 2008ರಲ್ಲಿ ಮ್ಯಾಡೆಲೀನ್ ಓಸ್ಟ್‌ವಾಲ್ಡ್ ಜೊತೆ ಬರೆದ ಕೈಪಿಡಿ ಇಂದಿಗೂ ಉಪಯುಕ್ತ. ಅಡಿಕೆ ತೋಟದ ಮಗನಿಗೆ ಅದರಲ್ಲಿ ಕೆಲಸವಿದೆ.

ಕೋಡ್ ನೋಡಬೇಕೆಂದರೆ ರಾಥ್‌ಸಿಯದೂ, ಕೆನಡಾದ ಕೃಷಿ ಇಲಾಖೆಯ ಹೋಲೋಸ್‌ನದೂ ಮುಕ್ತವಾಗಿ ಸಿಗುತ್ತವೆ. ಅಂಜಬೇಡಿ, ಅಲ್ಲಿ ಚಮತ್ಕಾರವೇನೂ ಇಲ್ಲ. ಇಂಗಾಲವನ್ನು ಇಂಗಾಲದ ಡೈಆಕ್ಸೈಡ್ ಮಾಡುವಾಗ 44/12 ಮರೆಯುವುದು, ಎಕರೆ-ಹೆಕ್ಟೇರ್ ಗೊಂದಲ, ಇವೇ ದೊಡ್ಡ ತಪ್ಪುಗಳು. ಗುಂಟೆ ಬರೆದರೆ ಸ್ವೀಕರಿಸುವ ಸಾಧನವನ್ನು ನಾನಂತೂ ಕಂಡಿಲ್ಲ. ನೀವು ಅದನ್ನೊಂದು ಮಾಡಿಕೊಟ್ಟರೂ ಪುಣ್ಯ.

ಇದೆಲ್ಲ ಬಿಳಿಯರ ಹುನ್ನಾರ ಎಂದೇ ನನ್ನ ಭಾವನೆ. ಕಾರು ಓಡಿಸುವವರು ಅವರು, ಲೆಕ್ಕ ನಮ್ಮ ಗದ್ದೆಗೆ. ಒಪ್ಪುತ್ತೀರಾ?
— ನಿವೃತ್ತ ಅಧ್ಯಾಪಕರು, ಧಾರವಾಡ

ಹುನ್ನಾರ ಎಂಬ ಮಾತನ್ನು ನಾನು ಒಪ್ಪಲಾರೆ, ಆದರೆ ನಿಮ್ಮ ಸಿಟ್ಟಿಗೆ ಇತಿಹಾಸವಿದೆ. ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

1990ರ ಸುಮಾರಿಗೆ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ತನ್ನ ವರದಿಯಲ್ಲಿ ಭಾರತವನ್ನು ಜಗತ್ತಿನ ದೊಡ್ಡ ಹೊಣೆಗಾರ ದೇಶಗಳ ಸಾಲಿನಲ್ಲಿ ಕೂರಿಸಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಗದ್ದೆ ಮತ್ತು ದನದ ಮೀಥೇನ್ ಸೇರಿದ್ದವು. 1991ರಲ್ಲಿ ದಿಲ್ಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಒಂದು ಸಣ್ಣ ಹೊತ್ತಗೆ ಬರೆದು ಆ ಲೆಕ್ಕದ ಬೆನ್ನು ಮುರಿದರು. ಹೊಟ್ಟೆಪಾಡಿನ ಅನಿಲವನ್ನೂ ಭೋಗದ ಅನಿಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೇ ಎಂಬುದು ಅವರ ವಾದ. ಇದು ನೀತಿಯ ಪ್ರಶ್ನೆ.

ಅಳತೆಯ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಇನ್ನೊಬ್ಬರು. ಅಮೆರಿಕದ ಪರಿಸರ ಸಂಸ್ಥೆಯ ಅಂದಾಜಿನಂತೆ ಭಾರತದ ಗದ್ದೆಗಳು ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಬಿಡುತ್ತಿದ್ದವು. ಅಮೆರಿಕ, ಯೂರೋಪುಗಳಲ್ಲಿ ಅಳೆದದ್ದನ್ನು ನಮ್ಮ ಇಡೀ ಭತ್ತದ ವಿಸ್ತೀರ್ಣಕ್ಕೆ ಗುಣಿಸಿ ಬಂದ ಸಂಖ್ಯೆ. ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ಇದನ್ನು ನಂಬಲಿಲ್ಲ. ಸೋಜಿಗವೆಂದರೆ ಮಿತ್ರ ಮಣ್ಣಿನವರಲ್ಲ, ವಾತಾವರಣದ ಮೇಲ್ಪದರಗಳನ್ನು ಓದಿದ ಭೌತವಿಜ್ಞಾನಿ. ಆದರೂ 1991ರಲ್ಲಿ ದೇಶದ ಹಲವು ಪ್ರಯೋಗಾಲಯಗಳನ್ನು ಒಟ್ಟುಗೂಡಿಸಿ, ಗದ್ದೆ ಗದ್ದೆಗೆ ಗಾಳಿ ಹಿಡಿಯುವ ಪೆಟ್ಟಿಗೆ ಕಳಿಸಿ ಅಳೆಸಿದರು. ಬಂದದ್ದು ಸುಮಾರು 40 ಲಕ್ಷ ಟನ್. ಒಂಬತ್ತು ಪಟ್ಟು ಕಡಿಮೆ!

ಏಕೆ ಹೀಗಾಯಿತು? ನಮ್ಮ ಭತ್ತದ ಭೂಮಿಯಲ್ಲಿ ದೊಡ್ಡ ಪಾಲು ಮಳೆಯಾಶ್ರಿತ. ಅಲ್ಲಿ ನೀರು ಹಂಗಾಮಿಡೀ ನಿಲ್ಲುವುದಿಲ್ಲ. ನಮ್ಮ ಮಣ್ಣಿನಲ್ಲಿ ಇಂಗಾಲವೂ ಕಡಿಮೆ. ಮೀಥೇನ್ ಮಾಡುವ ಜೀವಿಗಳಿಗೆ ಗಾಳಿಯಿಲ್ಲದ ಕೆಸರೂ ಬೇಕು, ತಿನ್ನಲು ಇಂಗಾಲವೂ ಬೇಕು. ಎರಡೂ ಅರ್ಧಂಬರ್ಧ. ದೂರದಲ್ಲಿ ಕುಳಿತು ಗುಣಾಕಾರ ಮಾಡಿದವರಿಗೆ ಇದು ಹೊಳೆಯಲಿಲ್ಲ. ಆಮೇಲೆ ಅಳತೆ ಮುಂದಿಟ್ಟಾಗ ಅಂತರರಾಷ್ಟ್ರೀಯ ಲೆಕ್ಕವೂ ಇಳಿಯಿತು. ಅವರದು ಹುನ್ನಾರವೇ ಆಗಿದ್ದರೆ ಅಳತೆ ತೋರಿಸಿದರೂ ಇಳಿಯುತ್ತಿರಲಿಲ್ಲ ಎಂಬುದು ನನ್ನ ಎಣಿಕೆ. ನೀವು ಒಪ್ಪಲೇಬೇಕೆಂದಿಲ್ಲ.

ಎರಡು ಎಚ್‌.ಎಫ್. ಮಿಶ್ರತಳಿ ಹಸು ಸಾಕಿದ್ದೇನೆ. ಡೇರಿ ತರಬೇತಿಯಲ್ಲಿ ‘ಭಾರತದ ಹಸು ವರ್ಷಕ್ಕೆ 58 ಕೆ.ಜಿ. ಮೀಥೇನ್ ಬಿಡುತ್ತದೆ’ ಅಂದರು. ಹಸುವಿನ ಹಿಂದೆ ಚೀಲ ಕಟ್ಟಿ ಅಳೆದರಾ?
— ಹಾಲು ಉತ್ಪಾದಕಿ, ಮುಳಬಾಗಿಲು

ಹಿಂದೆ ಕಟ್ಟಿದ್ದರೆ ಕೈಗೆ ಸಿಗುತ್ತಿದ್ದುದು ಕಡಿಮೆ. ಹಸುವಿನ ಮೀಥೇನ್ ಬಹುಪಾಲು ಬಾಯಿಯಿಂದ, ತೇಗಿನಲ್ಲಿ ಬರುತ್ತದೆ. ಅಳೆಯಲು ಒಂದು ಜಾಣ ಉಪಾಯವಿದೆ. 1994ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾಲಯದವರು ಪ್ರಕಟಿಸಿದ್ದು. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲ ತುಂಬಿದ ಪುಟ್ಟ ನಳಿಗೆಯನ್ನು ಹಸುವಿನ ಮೆಲುಕಿನ ಹೊಟ್ಟೆಯೊಳಗೆ ಬಿಡುತ್ತಾರೆ. ಅದು ದಿನಕ್ಕೆ ಇಷ್ಟೇ ಎಂದು ಗೊತ್ತಿರುವ ಪ್ರಮಾಣದಲ್ಲಿ ಸೋರುತ್ತಿರುತ್ತದೆ. ಮೂಗಿನ ಬಳಿ ಸಣ್ಣ ಕೊಳವೆ, ಕೊರಳಲ್ಲಿ ನಿರ್ವಾತ ಡಬ್ಬಿ. ಉಸಿರಿನಲ್ಲಿ ಈ ಅನಿಲಕ್ಕೆ ಮೀಥೇನ್ ಎಷ್ಟು ಪಟ್ಟು ಇದೆ ಎಂದು ನೋಡಿದರೆ ಒಟ್ಟು ಮೀಥೇನ್ ತಿಳಿಯಿತು. ಹಸು ಅಷ್ಟು ಹೊತ್ತೂ ಮೇಯುತ್ತಿರಬಹುದು.

ನಮ್ಮಲ್ಲಿ ಈ ಕೆಲಸದ ಮುಖ್ಯ ಕೇಂದ್ರ ನಿಮಗೆ ದೂರವೇನಲ್ಲ, ಬೆಂಗಳೂರಿನ ಆಡುಗೋಡಿಯಲ್ಲಿದೆ: ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನದ ರಾಷ್ಟ್ರೀಯ ಸಂಸ್ಥೆ. ರಾಘವೇಂದ್ರ ಭಟ್ಟ ಮತ್ತವರ ಸಹೋದ್ಯೋಗಿಗಳು ನಮ್ಮ ಜಾನುವಾರು, ನಮ್ಮ ಮೇವು ಇಟ್ಟುಕೊಂಡು ಅಂಕಿ ಕಲೆಹಾಕಿದರು. ಟ್ಯಾನಿನ್ ಇರುವ ಸಸ್ಯಗಳಿಂದ ಮಾಡಿದ ‘ಹರಿತ ಧಾರಾ’ ಎಂಬ ಮೇವಿನ ಪೂರಕ ಅಲ್ಲಿಂದಲೇ ಬಂದದ್ದು. ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತದೆ ಎಂದು ಸಂಸ್ಥೆ ಹೇಳಿದೆ.

ಇನ್ನು ಆ 58. ಅದು ಐಪಿಸಿಸಿ 2006ರಲ್ಲಿ ಭಾರತ ಉಪಖಂಡದ ಹಾಲುಕರೆಯುವ ಹಸುವಿಗೆ ಕೊಟ್ಟ ಅಂಕಿ. ಪಕ್ಕದಲ್ಲೇ ಒಂದು ಅಡಿಟಿಪ್ಪಣಿಯಂಥ ಮಾತಿದೆ: ವರ್ಷಕ್ಕೆ ಸರಾಸರಿ 900 ಕೆ.ಜಿ. ಹಾಲು. ದಿನಕ್ಕೆ ಎರಡೂವರೆ ಲೀಟರ್! ನಿಮ್ಮ ಎಚ್‌.ಎಫ್. ಅಷ್ಟು ಕೊಟ್ಟಿದ್ದರೆ ನೀವು ಎಂದೋ ಮಾರಿರುತ್ತಿದ್ದಿರಿ. ಆ 58 ನಿಮ್ಮ ಹಸುವಿನದಲ್ಲ. ಅದೇ ಪಟ್ಟಿಯಲ್ಲಿ ಉತ್ತರ ಅಮೆರಿಕದ ಹಸುವಿಗೆ 128 ಕೆ.ಜಿ. ಮೀಥೇನ್, 8400 ಕೆ.ಜಿ. ಹಾಲು. ಹಸುವಿಗೆ ಎಷ್ಟು ಎಂದು ಕೇಳಿದರೆ ಅವರದು ನಮ್ಮ ಎರಡು ಪಟ್ಟು. ಒಂದು ಕೆ.ಜಿ. ಹಾಲಿಗೆ ಎಷ್ಟು ಎಂದು ಕೇಳಿದರೆ ಅವರದು 15 ಗ್ರಾಂ, ನಮ್ಮದು 64. ಯಾವುದರಿಂದ ಭಾಗಿಸಬೇಕು ಎಂದು ತಂತ್ರಾಂಶ ಮಾಡಿದವರು ಕುಳಿತು ನಿರ್ಧರಿಸಿರುತ್ತಾರೆ. ನಮ್ಮ ನಾಟಿ ಹಸು ಹಾಲಿಗೆ ಮಾತ್ರವಲ್ಲ, ಗೊಬ್ಬರಕ್ಕೂ ಗೇಯ್ಮೆಗೂ ಇದೆ ಎಂಬುದು ಆ ಭಾಗಾಕಾರದಲ್ಲಿ ಕಾಣುವುದಿಲ್ಲ.

ನ್ಯೂಜಿಲೆಂಡಿನ ವೈಕಾಟೊದಲ್ಲಿ ಡೇರಿ ಫಾರ್ಮ್ ಕೆಲಸ. ಇಲ್ಲಿ ‘ಓವರ್‌ಸೀರ್’ ಎಂಬ ತಂತ್ರಾಂಶದ ಬಗ್ಗೆ ದೊಡ್ಡ ಗಲಾಟೆ ಆಗಿತ್ತಂತೆ. ಏನದು?
— ಹಾಸನದ ಕನ್ನಡಿಗ

ಒಂದು ಉಪಕರಣವನ್ನು ಅದು ಹುಟ್ಟಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಿದರೆ ಏನಾಗುತ್ತದೆ ಎಂಬುದರ ಕಥೆ. ಓವರ್‌ಸೀರ್ ಹುಟ್ಟಿದ್ದು ಹೊಲಕ್ಕೆ ಎಷ್ಟು ಗೊಬ್ಬರ ಬೇಕೆಂದು ರೈತನಿಗೆ ಹೇಳಲು. ಅದರ ಒಡೆತನ ಸರ್ಕಾರದ ಸಚಿವಾಲಯ, ಆಗ್‌ರಿಸರ್ಚ್ ಸಂಸ್ಥೆ ಮತ್ತು ಗೊಬ್ಬರ ಉದ್ಯಮದ ಸಂಘ ಮೂವರದಾಗಿತ್ತು. ಹಸಿರುಮನೆ ಅನಿಲದ ಲೆಕ್ಕವೂ ಅದರಲ್ಲಿ ಸೇರಿತು. ಕ್ರಮೇಣ ಸ್ಥಳೀಯ ಆಡಳಿತಗಳು ‘ನಿನ್ನ ಹೊಲದಿಂದ ಇಷ್ಟಕ್ಕಿಂತ ಹೆಚ್ಚು ಸಾರಜನಕ ಸೋರಬಾರದು’ ಎಂಬ ಕಾನೂನಿಗೆ ಅದರ ಅಂಕಿಯನ್ನೇ ಅಳತೆಗೋಲು ಮಾಡಿದವು. 2018ರಲ್ಲಿ ಅಲ್ಲಿನ ಸಂಸತ್ತಿನ ಪರಿಸರ ಆಯುಕ್ತ ಸೈಮನ್ ಅಪ್ಟನ್, ಒಳಗಿನ ಲೆಕ್ಕ ಪಾರದರ್ಶಕವಾಗಿಲ್ಲದ ಸಾಧನವನ್ನು ಕಾನೂನಿಗೆ ಹೇಗೆ ನೆಚ್ಚುವುದು ಎಂದು ಪ್ರಶ್ನಿಸಿದರು. 2021ರಲ್ಲಿ ತಜ್ಞರ ಸಮಿತಿ ಅದರ ಸಾರಜನಕದ ಅಂದಾಜಿನ ಮೇಲೆ ವಿಶ್ವಾಸವಿಲ್ಲ ಎಂದಿತು. ಗೊಬ್ಬರದ ಸಲಹೆಗೆ ಸಾಕಾಗಿದ್ದ ಅಂದಾಜು ದಂಡ ಹಾಕುವುದಕ್ಕೆ ಸಾಲಲಿಲ್ಲ. ಆಣೆವಾರಿಯ ಮೇಲೆ ಕಂದಾಯ ಮಾಫಿ ಮಾಡಬಹುದು, ಜೈಲಿಗೆ ಹಾಕಲಾಗದು.

ಕಾರ್ಬನ್ ಕ್ರೆಡಿಟ್‌ನಿಂದ ಎಕರೆಗೆ ಎಷ್ಟು ಸಿಗುತ್ತದೆ?
— ಗಂಗಾವತಿ, ಮಂಡ್ಯ, ದಾವಣಗೆರೆಯಿಂದ ಹಲವರು

ಅನಿಲ ಇಳಿಸಿದ್ದಕ್ಕೆ ಸಿಗುವ ಈ ಕ್ರೆಡಿಟ್ಟಿನ ದರ ನಾನು ಹೇಳಲಾರೆ. ಸಹಿ ಹಾಕುವ ಮುಂಚೆ ಒಪ್ಪಂದ ಕನ್ನಡದಲ್ಲಿ ಕೊಡಿ ಎನ್ನಿ. ಎಷ್ಟು ವರ್ಷ, ನಡುವೆ ಬಿಟ್ಟರೆ ದಂಡವೇ, ಬಂದ ದುಡ್ಡಿನಲ್ಲಿ ನಿಮ್ಮ ಪಾಲೆಷ್ಟು ಎಂದು ನೋಡಿ. ಕ್ರೆಡಿಟ್ ನೋಂದಾಯಿಸುವ ವೆರಾ ಸಂಸ್ಥೆ 2024ರಲ್ಲಿ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿತು ಎಂಬುದು ನೆನಪಿರಲಿ. ಮುಂಗಡ ಕೇಳುವವರಿಗೆ ಬಾಗಿಲು ತೋರಿಸಿ.

ಕೃಷಿ ಎಂ.ಎಸ್ಸಿ. ವಿದ್ಯಾರ್ಥಿನಿ. ನಾಲ್ಕು ತಿಂಗಳಿಂದ ಭತ್ತದ ಗದ್ದೆಯಲ್ಲಿ ಅಕ್ರಿಲಿಕ್ ಪೆಟ್ಟಿಗೆ ಇಟ್ಟು ಸಿರಿಂಜಿನಲ್ಲಿ ಗಾಳಿ ಎಳೆಯುತ್ತಿದ್ದೇನೆ. ಸಹಪಾಠಿಗಳು ‘ಗದ್ದೆಗೆ ಇಂಜೆಕ್ಷನ್ ಕೊಡುವ ಡಾಕ್ಟರು’ ಎಂದು ನಗುತ್ತಾರೆ. ಇದು ಯಾವ ತಂತ್ರಾಂಶಕ್ಕಾದರೂ ಉಪಯೋಗಕ್ಕೆ ಬಂದೀತೇ?
— ಓದುಗಿ, ರಾಯಚೂರು

ನಾನೂ ಆ ಡಾಕ್ಟರಿಕೆ ಮಾಡಿದವನು. ಸೊಂಟದವರೆಗೆ ಕೆಸರು, ತಲೆ ಮೇಲೆ ಟವೆಲು, ಕೈಯಲ್ಲಿ ಗಡಿಯಾರ. ಸೊನ್ನೆ ನಿಮಿಷಕ್ಕೆ ಒಂದು ಸಿರಿಂಜು, 15ಕ್ಕೆ ಒಂದು, 30ಕ್ಕೆ ಒಂದು. ಒಂದು ಮಧ್ಯಾಹ್ನ ಬದುವಿನ ಮೇಲೆ ಕಣ್ಣು ಹತ್ತಿ 30ರದ್ದು 50ಕ್ಕೆ ತೆಗೆದೆ. 30 ಎಂದು ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ದಿನದ ಪುಟಕ್ಕೆ ಅಡ್ಡಗೆರೆ ಎಳೆದೆ. ಮೇಲಿನವರಿಂದ ಬೈಸಿಕೊಂಡೆ, ಇಂದಿಗೂ ಆ ಗೆರೆಯ ಬಗ್ಗೆ ಬೇಸರವಿಲ್ಲ.

ಉಪಯೋಗಕ್ಕೆ ಬರುತ್ತದೆಯೇ ಎಂದರೆ, ಬರುವಂತೆ ನೀವು ಬರೆದಿಡಬೇಕು. ಬೌಮನ್ ಬಳಗ 2002ರಲ್ಲಿ ನೈಟ್ರಸ್ ಆಕ್ಸೈಡಿನ ಸೂತ್ರ ಕಟ್ಟಿದ್ದು 846 ಅಳತೆಗಳ ಮೇಲೆ. ಅವುಗಳಲ್ಲಿ ಒಂದೊಂದೂ ಎಲ್ಲೋ ನಿಮ್ಮಂಥವರು ಸಿರಿಂಜು ಹಿಡಿದು ಕುಳಿತದ್ದು. ಅಂಥವರ ಹೆಸರು ತಂತ್ರಾಂಶದ ಪರದೆಯ ಮೇಲೆ ಬರುವುದಿಲ್ಲ, ಆದರೆ ಅಂಕಿ ಒಳಗಿರುತ್ತದೆ. ಒಟ್ಟುಗೂಡಿಸಲು ಕುಳಿತವರು ಮೊದಲು ಹುಡುಕುವುದು ನಿಮ್ಮ ಫಲಿತಾಂಶವನ್ನಲ್ಲ, ಅದರ ಜೊತೆಗಿನ ವಿವರವನ್ನು. ಮಣ್ಣಿನ ಇಂಗಾಲ ಇಲ್ಲ, ಹುಳಿ-ಕ್ಷಾರದ ಅಂಕಿ ಇಲ್ಲ, ನೀರು ಯಾವಾಗ ಬಸಿಯಿತು ಎಂಬುದಿಲ್ಲ ಎಂದರೆ ನಾಲ್ಕು ತಿಂಗಳ ದುಡಿಮೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಅದರಲ್ಲೂ ನಿಮ್ಮ ಕಡೆಯ ಕರಿಮಣ್ಣಿನ ಕಾಲುವೆ ಗದ್ದೆಗಳ ಅಳತೆ ನನ್ನ ಓದಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಸಿಂಧನೂರಿನ ಆ ರೈತರ 63 ಸರಿಯೋ ತಪ್ಪೋ ಎಂದು ಹೇಳಬಲ್ಲವರು ಅಬರ್ಡೀನಿನವರಿಗಿಂತ ಮೊದಲು ನೀವು.

ಪ್ರತಿ ಸಲ ಪೆಟ್ಟಿಗೆಯೊಳಗಿನ ಉಷ್ಣಾಂಶ, ನಿಂತ ನೀರಿನ ಆಳ, ಪೆಟ್ಟಿಗೆಯೊಳಗೆ ಎಷ್ಟು ಬುಡ ಭತ್ತ ಇದೆ ಎಂಬುದನ್ನು ಅಲ್ಲೇ, ಆಗಲೇ ಬರೆಯಿರಿ. ಸಂಜೆ ಹಾಸ್ಟೆಲಿಗೆ ಹೋಗಿ ನೆನಪಿನಿಂದ ಬೇಡ. ಸೀಸದ ಕಡ್ಡಿಯಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕೆಸರುಕೈಗೆ ಉಳಿಯುವುದಿಲ್ಲ.